ಒತ್ತಬೇಡಿ, ಬ್ಲೇಡ್ ತಾನೇ ಕೊಯ್ಯಲಿ

ಕೇಳುಗರಿಗೆ ನಮಸ್ಕಾರ. ದೇವರ ಮನೆ ಬಾಗಿಲಿಗೆ ಮರದ ಜಾಲಿ, ಮನೆ ಮುಂದೆ ಹಾಕಲು ಹೆಸರಿನ ಫಲಕ, ಮಕ್ಕಳಿಗೆ ಆಟಿಕೆ, ಇವನ್ನೆಲ್ಲ ನಾವೇ ಮಾಡಬೇಕು ಅನ್ನುವ ಆಸೆ ಕಲಬುರಗಿ, ಬೀದರ್, ಯಾದಗಿರಿ ಕಡೆ ಎಷ್ಟೋ ಜನರಿಗಿದೆ. ಅವರಿಗಾಗಿ ಇವತ್ತಿನ ಮಾತು. ಈ ಕೆಲಸಕ್ಕೆ ಸ್ಕ್ರೋಲ್ ಸಾ ಅನ್ನುವ ಪುಟ್ಟ ಯಂತ್ರವಿದೆ. ಮೇಜಿನ ಮೇಲೆ ಇಟ್ಟುಕೊಳ್ಳುವ ಕರೆಂಟಿನ ಗರಗಸ. ಐದು ಇಂಚು ಉದ್ದದ ತೆಳ್ಳನೆಯ ಬ್ಲೇಡ್ ನಿಂತಲ್ಲೇ ಮೇಲೆ ಕೆಳಗೆ ಓಡುತ್ತದೆ. ನಾವು ಹಲಗೆಯನ್ನು ತಿರುಗಿಸುತ್ತಾ ಹೋಗಬೇಕು.

ಬೀದರ್ ಕೋಟೆಯ ರಂಗೀನ್ ಮಹಲಿನ ಮರದ ಕಂಬಗಳನ್ನು ನೀವು ನೋಡಿರಬಹುದು. ಅಂಥ ಕೆತ್ತನೆ ಉಳಿಯಿಂದಲೇ ಆಗಬೇಕು. ಈ ಯಂತ್ರ ಆರಪಾರ ಕೊಯ್ಯುತ್ತದೆ, ಅಷ್ಟೇ. ಆದರೆ ಬಿದರಿ ಹೂಜಿಯ ಮೇಲಿರುವ ಹೂಬಳ್ಳಿಯನ್ನು ಕಾಗದಕ್ಕೆ ಇಳಿಸಿ, ಅದನ್ನು ಪ್ಲೈವುಡ್ ಮೇಲೆ ಅಂಟಿಸಿ ಜಾಲಿ ತೆಗೆಯಬೇಕು ಅಂದರೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಾಣುವುದಿಲ್ಲ.

ಬೇರೆ ಕರೆಂಟಿನ ಗರಗಸಗಳ ಮುಂದೆ ಇದು ತುಂಬಾ ಸಾಧು. ಹಾಗಂತ ಜನ ಧೈರ್ಯ ಮಾಡಿ ಹಲಗೆಯನ್ನು ಜೋರಾಗಿ ನೂಕುತ್ತಾರೆ. ಕೆಲಸ ಕೆಡುವುದು, ಬೆರಳಿಗೆ ಪೆಟ್ಟಾಗುವುದು ಎರಡೂ ಹೆಚ್ಚಾಗಿ ಅಲ್ಲಿಂದಲೇ ಶುರು. ನೂಕಿದರೆ ಬ್ಲೇಡ್ ಬಾಗುತ್ತದೆ, ಗೆರೆ ತಪ್ಪುತ್ತದೆ, ಕೊನೆಗೆ ಬ್ಲೇಡ್ ಮುರಿಯುತ್ತದೆ. ಹಲಗೆ ಮುಗಿಯುವ ತುದಿಯಲ್ಲಿ ತಡೆ ಇಲ್ಲದೆ ಕೈ ಸರ್ರನೆ ಮುಂದಕ್ಕೆ ಜಾರುತ್ತದೆ. ಅದಕ್ಕೇ ಬೆರಳುಗಳು ಬ್ಲೇಡಿನ ಎರಡೂ ಪಕ್ಕದಲ್ಲಿರಲಿ, ನೇರ ಎದುರಿಗೆ ಮಾತ್ರ ಬೇಡ.

ನೂಕಬೇಕು ಅನ್ನಿಸುತ್ತಿದೆ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಹೆಚ್ಚಾಗಿ ಬ್ಲೇಡ್ ಮೊಂಡಾಗಿರುತ್ತದೆ. ತೆಗೆದು ಹೊಸದು ಹಾಕಿ. ಬ್ಲೇಡ್ ಉಳಿಸಲು ಹೋಗಿ ಒಳ್ಳೆಯ ಸಾಗವಾನಿ ತುಂಡನ್ನು ಸುಟ್ಟುಕೊಳ್ಳುವುದು ಯಾವ ಲೆಕ್ಕ? ಕೊಯ್ದ ಜಾಗ ಕಪ್ಪಾಗುತ್ತಿದ್ದರೆ ನಕ್ಷೆಯ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ ನೋಡಿ. ಬ್ಲೇಡ್ ನುಣ್ಣಗೆ ಹೋಗುತ್ತದೆ, ಸುಡುವುದು ಕಡಿಮೆಯಾಗುತ್ತದೆ.

ಬ್ಲೇಡ್ ಹಾಕುವಾಗ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು. ಹಲ್ಲುಗಳು ಕೆಳಮುಖವಾಗಿ, ನಿಮ್ಮ ಕಡೆಗೆ ಇರಬೇಕು. ಉಲ್ಟಾ ಹಾಕಿದರೆ ಹಲಗೆ ಮೇಲಕ್ಕೆ ನೆಗೆದು ಬಡಿಯುತ್ತದೆ. ಆಮೇಲೆ ಬಿಗಿ. ಇದನ್ನು ಕಿವಿಯಿಂದ ನೋಡಬಹುದು. ಬ್ಲೇಡನ್ನು ಬೆರಳಿನಿಂದ ಮೀಟಿದರೆ ತಂಬೂರಿ ತಂತಿಯಂತೆ ಟಿಣ್ ಅನ್ನಬೇಕು. ಮಂಕಾಗಿ ಸದ್ದು ಬಂದರೆ ಇನ್ನೂ ಬಿಗಿ ಸಾಲದು. ಪಕ್ಕಕ್ಕೆ ಒತ್ತಿದಾಗ ಮೂರು ಮಿಲಿಮೀಟರಿಗಿಂತ ಜಾಸ್ತಿ ಸರಿಯಬಾರದು. ಹೊಸಬರ ಕೈಯಲ್ಲಿ ಗೆರೆ ಸೊಟ್ಟಗಾಗುವುದಕ್ಕೆ ಸಡಿಲ ಬ್ಲೇಡೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಬಿಗಿ ಸರಿಯಾಗಿದ್ದರೂ ಬ್ಲೇಡ್ ಒಂದು ಕಡೆಗೆ ಎಳೆಯುತ್ತಿದೆಯಾ? ತಪ್ಪು ನಿಮ್ಮ ಕೈಯದಲ್ಲ. ಬ್ಲೇಡಿನ ಹಲ್ಲು ಮಾಡುವಾಗ ಒಂದು ಪಕ್ಕ ಸ್ವಲ್ಪ ಒರಟಾಗಿ ಉಳಿದಿರುತ್ತದೆ. ಆ ಪಕ್ಕ ಹೆಚ್ಚು ಕೊಯ್ಯುತ್ತದೆ. ಹಲಗೆಯನ್ನು ಚೂರು ಓರೆ ಹಿಡಿದು ಕೊಟ್ಟರೆ ಗೆರೆ ನೇರವಾಗುತ್ತದೆ. ಎಷ್ಟು ಓರೆ ಅನ್ನುವುದನ್ನು ಕೈಯೇ ಕಲಿಯುತ್ತದೆ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ. ಕಲ್ಲುಗಳು ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಮೇಜು ಅಲುಗುತ್ತದೆ, ಯಂತ್ರ ನಡುಗುತ್ತದೆ. ಮೇಜಿನ ಕಾಲಿಗೆ ಸಣ್ಣ ಚಕ್ಕೆ ಕೊಟ್ಟು ಅಲುಗಾಟ ನಿಲ್ಲಿಸಿ. ಯಂತ್ರವನ್ನು ಭಾರದ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿ. ಅದರ ಅಡಿಗೆ ಹಳೆಯ ಟ್ಯೂಬಿನ ರಬ್ಬರ್ ತುಂಡು ಕೊಟ್ಟರೆ ನಡುಕ ಇನ್ನೂ ಇಳಿಯುತ್ತದೆ. ಇನ್ನೊಂದು, ಕೆಲಸದ ನಡುವೆ ಕರೆಂಟ್ ಹೋದರೆ ಮೊದಲು ಸ್ವಿಚ್ ಆರಿಸಿ, ಆಮೇಲೆ ಚಹಾಕ್ಕೆ ಹೋಗಿ. ಮರೆತು ಬಿಟ್ಟರೆ ಕರೆಂಟ್ ಬಂದ ಕೂಡಲೇ ಯಂತ್ರ ತಾನಾಗಿ ಓಡತೊಡಗುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ಮಗು ಇದ್ದರೆ?

ಸೆರಗು, ದುಪಟ್ಟಾ, ಸಡಿಲ ತೋಳು, ಬಳೆ, ಬಿಟ್ಟ ಕೂದಲು ಇವೆಲ್ಲ ಹಿಂದಕ್ಕೆ ಕಟ್ಟಿರಲಿ ಅಥವಾ ತೆಗೆದಿರಲಿ. ಕೈಗವಸು ಬೇಡ. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಧೂಳಿನ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಈ ಬ್ಲೇಡಿನಿಂದ ಬರುವ ಪುಡಿ ಬಹಳ ನುಣ್ಣಗೆ ಇರುತ್ತದೆ, ನೇರ ಎದೆಯೊಳಗೆ ಹೋಗುತ್ತದೆ. ಮರದ ಧೂಳು ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಮರದ ನಾರನ್ನು ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಯಲ್ಲಿ ಅಂಟು ಕೂಡ ಸೇರಿರುತ್ತದೆ. ಕರ್ಚೀಫು ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿಗೆ ಕೂಲರ್ ಎದುರೇ ಯಂತ್ರ ಇಡುವವರಿದ್ದಾರೆ. ಆ ಗಾಳಿ ಪುಡಿಯನ್ನು ಮುಖಕ್ಕೆ, ಮನೆಯ ತುಂಬಾ ಹರಡುತ್ತದೆ. ಕೂಲರಿನ ತೇವಕ್ಕೆ ಅಂಟಿಸಿದ ನಕ್ಷೆಯೂ ಏಳುತ್ತದೆ. ಬೆಳಗಿನ ತಂಪಿನಲ್ಲಿ, ಅಂಗಳದಲ್ಲಿ ಅಥವಾ ಪಡಸಾಲೆಯಲ್ಲಿ ಕೂತು ಮಾಡುವುದು ಒಳ್ಳೆಯದು.

ಜಾಲಿಯ ಒಳಗಿನ ಕಿಂಡಿಗೆ ಮೊದಲು ಡ್ರಿಲ್ಲಿನಿಂದ ತೂತು ಮಾಡಿ. ಬ್ಲೇಡಿನ ಒಂದು ತುದಿ ಬಿಚ್ಚಿ ಆ ತೂತಿನಲ್ಲಿ ತೂರಿಸಿ, ಮತ್ತೆ ಸಿಕ್ಕಿಸಿ ಬಿಗಿ ಮಾಡಿ. ಪ್ರತಿ ಕಿಂಡಿಗೂ ಇಷ್ಟು ಕೆಲಸ ಇದ್ದೇ ಇದೆ. ಒಳಗಿನ ಕಿಂಡಿಗಳನ್ನು ಮೊದಲು ಮುಗಿಸಿ, ಹೊರ ಅಂಚನ್ನು ಕೊನೆಗೆ ಕೊಯ್ಯಿರಿ. ಅಲ್ಲಿಯವರೆಗೆ ಹಿಡಿಯಲು ಕೈಗೆ ಜಾಗ ಇರುತ್ತದೆ. ಚೂಪಾದ ಮೂಲೆ ಬಂದಾಗ ಮುಂದಕ್ಕೆ ಒತ್ತುವುದನ್ನು ಪೂರ್ತಿ ನಿಲ್ಲಿಸಿ, ಹಲಗೆಯನ್ನು ಬ್ಲೇಡಿನ ಸುತ್ತ ನಿಂತಲ್ಲೇ ತಿರುಗಿಸಿ. ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್ ಹಲಗೆ ಕೊಯ್ಯುವಾಗ ಯಂತ್ರದ ವೇಗ ಇಳಿಸಿ, ಇಲ್ಲದಿದ್ದರೆ ಅದು ಕರಗಿ ಬ್ಲೇಡಿನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ.

ಎಷ್ಟು ಜಾಣರಾದರೂ ಬ್ಲೇಡ್ ಒಮ್ಮೆ ಮುರಿದೇ ಮುರಿಯುತ್ತದೆ. ಟಪ್ ಅಂತ ಸದ್ದಾದಾಗ ಹಲಗೆ ಎತ್ತಲು ಹೋಗಬೇಡಿ. ಬ್ಲೇಡಿನ ಮೇಲ್ತುದಿ ಹಿಡಿದಿರುವ ಯಂತ್ರದ ತೋಳಿನಲ್ಲಿ ಉಳಿದ ತುಂಡು ಇನ್ನೂ ಕೆಳಗೆ ಚುಚ್ಚುತ್ತಾ ಇರುತ್ತದೆ. ಕೈ ಹಿಂದಕ್ಕೆ ತೆಗೆದುಕೊಳ್ಳಿ, ಸ್ವಿಚ್ ಆರಿಸಿ, ತೋಳು ಪೂರ್ತಿ ನಿಂತ ಮೇಲೆ ಪ್ಲಗ್ ಕಿತ್ತು ತುಂಡುಗಳನ್ನು ಹುಡುಕಿ. ಎರಡೂ ಸಿಗುವವರೆಗೆ ಬರಿಗಾಲಲ್ಲಿ ಯಾರನ್ನೂ ಆ ಕಡೆ ಬಿಡಬೇಡಿ. ನಮಸ್ಕಾರ.