ವರ್ಷಕ್ಕೆ ಎಷ್ಟು ಚೆಂಡು?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮುಂಬೈಯಲ್ಲಿ ಹುಡುಗಿಯರ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುವವಳು. ಊರು ಧಾರವಾಡದ ಕಡೆ. ಮದುವೆಯಾಗಿ ಡೊಂಬಿವಿಲಿಗೆ ಬಂದೆ, ಇಲ್ಲೇ ಉಳಿದೆ. ಪಂದ್ಯ ಇರುವ ದಿನ ಬೆಳಕು ಹರಿಯುವ ಮೊದಲೇ ಲೋಕಲ್ ಹಿಡಿಯುತ್ತೇನೆ. ಚೀಲದಲ್ಲಿ ಸ್ಕೋರ್ ಪುಸ್ತಕ, ನಾಲ್ಕು ಬಣ್ಣದ ಪೆನ್ನು, ಒಂದು ಡಬ್ಬಿ ಅವಲಕ್ಕಿ, ಎರಡು ಬಾಟಲಿ ನೀರು. ಬೌಂಡರಿ ಹಗ್ಗದ ಆಚೆ ನಮಗೊಂದು ಮೇಜು ಹಾಕಿರುತ್ತಾರೆ. ಎರಡೂ ತಂಡದ ಸ್ಕೋರರ್‌ಗಳು ಪಕ್ಕಪಕ್ಕ ಕೂರಬೇಕು. ಪ್ರತಿ ಚೆಂಡಿಗೂ ಪುಸ್ತಕದಲ್ಲಿ ಒಂದು ಗುರುತು. ರನ್ ಬರದಿದ್ದರೆ ಚುಕ್ಕಿ. ಅಂಪೈರ್ ಸನ್ನೆ ಮಾಡಿದರೆ ನಾವೂ ಕೈ ಎತ್ತಿ, ಕಂಡಿತು ಅಂತ ತಿಳಿಸಬೇಕು. ಓವರ್ ಮುಗಿದ ಕೂಡಲೇ ಇಬ್ಬರ ಲೆಕ್ಕವನ್ನೂ ತಾಳೆ ನೋಡಬೇಕು.

ಹೀಗೆ ಬರೆದು ಬರೆದು ನನಗೊಂದು ಅಭ್ಯಾಸ ಬಂದುಬಿಟ್ಟಿದೆ. ಎಲ್ಲರೂ ರನ್ ಎಣಿಸುತ್ತಾರೆ. ನಾನು ಮೊದಲು ಚೆಂಡು ಎಣಿಸುತ್ತೇನೆ. ಈ ಹುಡುಗಿ ಎಷ್ಟು ಹೊಡೆದಳು ಅನ್ನುವುದು ಆಮೇಲೆ. ಹೊಡೆಯಲು ಅವಳಿಗೆ ಎಷ್ಟು ಚೆಂಡು ಸಿಕ್ಕವು? ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂದುಕೊಂಡಿರುವುದು ಅದರ ಬಗ್ಗೆಯೇ.

2025ರ ನವೆಂಬರ್ 2ರ ರಾತ್ರಿ ನಿಮಗೆಲ್ಲ ನೆನಪಿದೆ, ಅಲ್ವಾ? ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣ. ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದರು. ಆ ದಿನ 78 ಚೆಂಡಿನಲ್ಲಿ 87 ರನ್ ಹೊಡೆದು, ಎರಡು ವಿಕೆಟ್ ಕೂಡ ಕಿತ್ತವಳು ಶಫಾಲಿ ವರ್ಮಾ. ವಿಶ್ವಕಪ್ ಶುರುವಾದಾಗ ಈಕೆ ತಂಡದಲ್ಲೇ ಇರಲಿಲ್ಲ. ಆರಂಭಿಕ ಬ್ಯಾಟರ್ ಪ್ರತಿಕಾ ರಾವಲ್‌ಗೆ ಪೆಟ್ಟಾಯಿತು, ಸೆಮಿಫೈನಲ್‌ಗೆ ಮುಂಚೆ ಶಫಾಲಿಗೆ ಕರೆ ಬಂತು. ಕರೆ ಬಂದಾಗ ಆಕೆ ಸುಮ್ನೆ ಮನೆಯಲ್ಲಿ ಕೂತಿರಲಿಲ್ಲ. ಸೂರತ್‌ನಲ್ಲಿ ಹರಿಯಾಣ ತಂಡಕ್ಕಾಗಿ ರಾಜ್ಯ ರಾಜ್ಯಗಳ ನಡುವಿನ ಟಿ20 ಪಂದ್ಯಾವಳಿ ಆಡುತ್ತಿದ್ದಳು.

ನಾನು ಈ ಮಾತನ್ನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಆ ವಾರ ಸೂರತ್‌ನಲ್ಲಿ ಪಂದ್ಯಾವಳಿ ಇಲ್ಲದಿದ್ದರೆ? ಆಕೆ ಅಲ್ಲಿ ಚೆಂಡು ಎದುರಿಸುತ್ತಿರಲಿಲ್ಲ ಅಂದಿದ್ದರೆ? ನವಿ ಮುಂಬೈಯಲ್ಲಿ ಮೊದಲ ಓವರ್‌ನಿಂದಲೇ ಕೈ ಅಷ್ಟು ಸಲೀಸಾಗಿ ಓಡುತ್ತಿತ್ತೇ? ನನಗಂತೂ ನಂಬಿಕೆಯಿಲ್ಲ.

ಆ ತಂಡದ ಕೋಚ್ ಅಮೋಲ್ ಮುಜುಂದಾರ್ ನಮ್ಮ ಮುಂಬೈಯವರೇ. ಮೊದಲ ರಣಜಿ ಪಂದ್ಯದಲ್ಲೇ 260 ರನ್ ಹೊಡೆದವರು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 11,000ಕ್ಕೂ ಜಾಸ್ತಿ ರನ್ ಮಾಡಿದರು. ಭಾರತಕ್ಕೆ ಆಡುವ ಅವಕಾಶ ಮಾತ್ರ ಅವರಿಗೆ ಒಮ್ಮೆಯೂ ಸಿಗಲಿಲ್ಲ. ದೇಶಿ ಕ್ರಿಕೆಟ್ಟಿನ ಬಿಸಿಲಲ್ಲೇ ಇಪ್ಪತ್ತು ವರ್ಷ ನಿಂತ ಮನುಷ್ಯ. ಅಂಥವರ ಕೈಗೆ ಆ ಕಪ್ ಬಂದಾಗ ನಾನು ಅತ್ತೆ.

ಈಗ ಸ್ವಲ್ಪ ಹಿಂದೆ ಹೋಗೋಣ, ಪುಣೆಗೆ. ಮಹಿಳಾ ಕ್ರಿಕೆಟ್‌ಗೆ ಒಂದು ರಾಷ್ಟ್ರೀಯ ಸಂಘ ಆದದ್ದು 1973ರಲ್ಲಿ. ಲಖನೌದ ಮಹೇಂದ್ರ ಕುಮಾರ್ ಶರ್ಮಾ ಅದನ್ನು ಕಟ್ಟಿದರು. ಅವರು ಆಟೋದಲ್ಲಿ ಮೈಕ್ ಹಿಡಿದು ಬೀದಿ ಬೀದಿ ಸುತ್ತಿ, ಹೆಣ್ಣುಮಕ್ಕಳ ಕ್ರಿಕೆಟ್ ಇದೆ, ಬನ್ನಿ ಅಂತ ಜನರನ್ನು ಕರೆಯುತ್ತಿದ್ದರಂತೆ. ಅದೇ ವರ್ಷ ಪುಣೆಯಲ್ಲಿ ಮೊದಲ ಅಂತರ ರಾಜ್ಯ ಪಂದ್ಯಾವಳಿ ನಡೆಯಿತು. ತಂಡಗಳು ಬರೀ ಮೂರು. ಬಾಂಬೆ, ಮಹಾರಾಷ್ಟ್ರ, ಉತ್ತರ ಪ್ರದೇಶ. ವರ್ಷ ಮುಗಿಯುವ ಮೊದಲೇ ವಾರಾಣಸಿಯಲ್ಲಿ ಎರಡನೆಯದು, ಅಲ್ಲಿ ಎಂಟು ತಂಡ. ಆಮೇಲೆ ಕಲ್ಕತ್ತಾದಲ್ಲಿ ಹದಿನಾಲ್ಕು. ಹಲವು ರಾಜ್ಯ ಸೇರಿದರೆ ಒಂದು ವಲಯ; ಆ ವಲಯ ವಲಯಗಳ ನಡುವೆ ರಾಣಿ ಝಾನ್ಸಿ ಟ್ರೋಫಿ ಬಂತು. ಇನ್ನು ಬಾಂಬೆಯಲ್ಲಿ 1969ರಲ್ಲೇ ಆಲೂ ಬಾಮ್ಜಿ ಎಂಬ ಮಹಿಳೆ ಹುಡುಗಿಯರಿಗಾಗಿ ಆಲ್ಬೀಸ್ ಅನ್ನುವ ಕ್ಲಬ್ ಶುರು ಮಾಡಿದ್ದರು.

ಆ ಕಾಲದ ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗುತ್ತಿದ್ದರು. ದೊಡ್ಡ ಹಾಲ್‌ನಲ್ಲಿ ನೆಲದ ಮೇಲೆ ಮಲಗುತ್ತಿದ್ದರು. ಕಿಟ್ ಹಂಚಿಕೊಂಡು ಆಡುತ್ತಿದ್ದರು. ಹಾಗೆ ಬಂದವರೇ ನಮ್ಮ ಶಾಂತಾ ರಂಗಸ್ವಾಮಿ. 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದಾಗ ಅವರೇ ನಾಯಕಿ. ಮೂರು ವರ್ಷದಲ್ಲಿ ಮೂರು ತಂಡದ ಪಂದ್ಯಾವಳಿಯಿಂದ ಟೆಸ್ಟ್‌ವರೆಗೆ! ದುಡ್ಡಿರಲಿಲ್ಲ. ಪಂದ್ಯಗಳಿದ್ದವು.

ಮುಂಬೈಯಲ್ಲಿ ಇರುವವರಿಗೆ ಇನ್ನೊಂದು ಪ್ರಶ್ನೆ ಬರಬೇಕು. ಇಷ್ಟು ದೊಡ್ಡ ಕ್ರಿಕೆಟ್ ಊರು, ಇಲ್ಲಿಯ ಮಹಿಳಾ ತಂಡ ಯಾಕೆ ಪ್ರತಿ ವರ್ಷ ಗೆಲ್ಲಲಿಲ್ಲ? ಉತ್ತರ ನಾವು ದಿನಾ ಹತ್ತುವ ರೈಲಿನಲ್ಲೇ ಇದೆ. ರಾಜ್ಯಗಳ ಹಾಗೆ ರೈಲ್ವೆಗೂ ತನ್ನದೇ ಒಂದು ತಂಡ ಇದೆ, ಅದೇ ರೈಲ್ವೇಸ್. ಅದು ಆಡುವವರಿಗೆ ಕೆಲಸ ಕೊಡುತ್ತಿತ್ತು. ತಿಂಗಳ ಸಂಬಳ, ಅಭ್ಯಾಸಕ್ಕೆ ಬಿಡುವು, ಪಂದ್ಯಕ್ಕೆ ರಜೆ. ಮಹಿಳಾ ಕ್ರಿಕೆಟ್‌ನಲ್ಲಿ ಹೊಟ್ಟೆಗೆ ಭರವಸೆ ಕೊಟ್ಟದ್ದು ಬಹಳ ಕಾಲ ಅದೊಂದೇ ದೊಡ್ಡ ಸಂಸ್ಥೆ. ಭಾರತದ ಹಿಂದಿನ ನಾಯಕಿ, ಮುಂಬೈಯ ಡಯಾನಾ ಎಡುಲ್ಜಿ ಇದಕ್ಕಾಗಿ ಬಹಳ ಓಡಾಡಿದರು. ಹರ್ಮನ್‌ಪ್ರೀತ್ ಕೌರ್ ಪಂಜಾಬಿನ ಮೋಗಾದಿಂದ ಮುಂಬೈಗೆ ಬಂದದ್ದು ಪಶ್ಚಿಮ ರೈಲ್ವೆಯ ಕೆಲಸಕ್ಕೆ. ಮಿಥಾಲಿ ರಾಜ್ ರೈಲ್ವೇಸ್. ಬೋರಿವಲಿಯ ಪೂನಂ ರಾವುತ್ ರೈಲ್ವೇಸ್. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ, ಕಡೂರಿನ ವೇದಾ ಕೃಷ್ಣಮೂರ್ತಿ ಕೂಡ ಕರ್ನಾಟಕಕ್ಕೂ ಆಡಿದರು, ರೈಲ್ವೇಸ್‌ಗೂ ಆಡಿದರು. ಒಳ್ಳೆಯವರೆಲ್ಲ ಒಂದೇ ತಂಡ ಸೇರಿದರೆ ಏನಾಗುತ್ತದೆ? 2006ರಲ್ಲಿ ಬಿಸಿಸಿಐ ಮಹಿಳಾ ಕ್ರಿಕೆಟ್ಟನ್ನು ತನ್ನ ಕೈಗೆ ತೆಗೆದುಕೊಂಡಿತು. ಆಮೇಲೆ ಶುರುವಾದ ಏಕದಿನ ಟ್ರೋಫಿಯನ್ನು ವರ್ಷ ವರ್ಷವೂ ರೈಲ್ವೇಸ್ ಗೆಲ್ಲುತ್ತಲೇ ಹೋಯಿತು. ನಡುವೆ 2011-12ರಲ್ಲಿ ದೆಹಲಿ, 2018-19ರಲ್ಲಿ ಬಂಗಾಳ ಅದನ್ನು ತಡೆದವು. ಕೆಲವರು ರೈಲ್ವೇಸ್‌ನಿಂದ ಸ್ಪರ್ಧೆ ಹಾಳಾಯಿತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಸಂಬಳ ಇಲ್ಲದಿದ್ದರೆ ಇವರಲ್ಲಿ ಎಷ್ಟೋ ಜನ ಇಪ್ಪತ್ತೆರಡನೇ ವಯಸ್ಸಿಗೆ ಬ್ಯಾಟ್ ಅಟ್ಟಕ್ಕೆ ಹಾಕಿರುತ್ತಿದ್ದರು.

ಸರಿ, ಈಗ ನನ್ನ ಚೆಂಡಿನ ಲೆಕ್ಕ.

ರಾಜ್ಯ ತಂಡಗಳನ್ನು ಗುಂಪು ಮಾಡುತ್ತಾರೆ. ಒಂದೊಂದು ಗುಂಪು ಒಂದೊಂದು ಊರಿಗೆ ಹೋಗುತ್ತದೆ. ಎರಡು ವಾರದಲ್ಲಿ, ಒಂದು ದಿನ ಬಿಟ್ಟು ಒಂದು ದಿನ ಪಂದ್ಯ. ಮೇಲಿನ ಸ್ಥಾನ ಬಂದವರು ಮುಂದಕ್ಕೆ, ಉಳಿದವರು ಮನೆಗೆ. ಆರು ಪಂದ್ಯ ಆಡಿದಳು ಅಂದುಕೊಳ್ಳಿ. ನಮ್ಮ ಹುಡುಗಿ ಏಳನೇ ಕ್ರಮಾಂಕದ ಬ್ಯಾಟರ್. ಎರಡು ಪಂದ್ಯದಲ್ಲಿ ಮೇಲಿನವರೇ ಕೆಲಸ ಮುಗಿಸಿದರು, ಅವಳಿಗೆ ಪ್ಯಾಡ್ ಕಟ್ಟಿ ಕೂತದ್ದೇ ಬಂತು. ಒಂದರಲ್ಲಿ ಕೊನೆಗೆ ನಾಲ್ಕು ಚೆಂಡು. ಒಂದರಲ್ಲಿ ಹತ್ತು. ಒಂದರಲ್ಲಿ ಮೊದಲ ಚೆಂಡಿಗೇ ಔಟ್. ಒಂದರಲ್ಲಿ ತಂಡ ಕುಸಿದು ಮೂವತ್ತು ಚೆಂಡು ನಿಂತಳು. ಒಟ್ಟು 45. ಏಕದಿನ ಪಂದ್ಯಾವಳಿಯಿಂದ ಅವಳ ಪಾಲಿಗೆ ಬಂದದ್ದು ಇಷ್ಟೇ. ಟಿ20ಯಲ್ಲಿ ಇನ್ನೂ ಕಡಿಮೆ. ಬೌಲರ್‌ಗೆ ನೋಡಿದರೆ ಏಕದಿನದಲ್ಲಿ ಹೆಚ್ಚೆಂದರೆ 60 ಚೆಂಡು, ಟಿ20ಯಲ್ಲಿ 24. ಹೊಸ ಎಸೆತ ಕಲಿತವಳು ಅದನ್ನು ಪ್ರಯೋಗ ಮಾಡುವುದು ಯಾವಾಗ? ಒಂದು ಫುಲ್‌ಟಾಸ್ ಬಿದ್ದರೆ ಬೌಂಡರಿ, ಮುಂದಿನ ಓವರ್ ಬೇರೆಯವರಿಗೆ.

ನನ್ನ ಪುಸ್ತಕಗಳಲ್ಲಿ ಇಂಥ ಹುಡುಗಿಯರು ಬೇಕಾದಷ್ಟು ಇದ್ದಾರೆ. ಅವರ ಹೆಸರಿನ ಮುಂದೆ ಚುಕ್ಕಿಗಳು ಕೂಡ ಕಡಿಮೆ. ಪ್ರತಿಭೆ ಇಲ್ಲ ಅಂತ ಆಮೇಲೆ ಅವರನ್ನು ಕೈಬಿಡುತ್ತಾರೆ. ನನಗೆ ಬಹಳ ಸಂಕಟ ಆಗುವುದು ಅಲ್ಲೇ.

ಅದಕ್ಕೇ 2024ರ ಬೇಸಿಗೆಯಲ್ಲಿ ಪುಣೆಗೆ ವಲಯ ತಂಡಗಳ ಮೂರು ದಿನದ ಪಂದ್ಯಗಳು ಬಂದಾಗ ನನಗೆ ಹಬ್ಬದ ಹಾಗಾಯಿತು. ಹಲವು ವರ್ಷ ನಿಂತೇ ಹೋಗಿದ್ದ ಪಂದ್ಯಾವಳಿ ಅದು. ಪೂರ್ವ ವಲಯ ಗೆದ್ದಿತು, ದಕ್ಷಿಣ ವಲಯ ಫೈನಲ್‌ನಲ್ಲಿ ಸೋತಿತು. ಕೆಂಪು ಚೆಂಡು, ಬಿಳಿ ಬಟ್ಟೆ. ಒಬ್ಬ ಸ್ಪಿನ್ನರ್ ಬೆಳಿಗ್ಗೆ ಶುರು ಮಾಡಿ ಸಂಜೆಯವರೆಗೆ ಬೌಲ್ ಮಾಡಬಹುದು. ಮೊದಲ ಸಲ ಔಟಾದವಳಿಗೆ ಎರಡನೇ ಇನಿಂಗ್ಸ್ ಇರುತ್ತದೆ. ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ, 2023ರ ಡಿಸೆಂಬರ್‌ನಲ್ಲಿ, ಡಿ.ವೈ. ಪಾಟೀಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಗಿತ್ತು. ಮೈಸೂರಿನ ಶುಭಾ ಸತೀಶ್ ಮೊದಲ ಟೆಸ್ಟ್‌ನಲ್ಲೇ 69 ರನ್ ಮಾಡಿದರು, ಭಾರತ 347 ರನ್‌ಗಳಿಂದ ಗೆದ್ದಿತು. ಇಷ್ಟು ಚೆನ್ನಾಗಿ ಆಡುವ ಹುಡುಗಿಯರಿಗೆ ದೇಶದೊಳಗೆ ಮೂರು ದಿನದ ಪಂದ್ಯ ಇಷ್ಟು ವರ್ಷ ಯಾಕೆ ಇರಲಿಲ್ಲ?

ದಕ್ಷಿಣ ವಲಯ ಅಂದೆ, ಒಂದು ಮಾತು. ಗೋವಾದವರು ಕ್ರಿಕೆಟ್‌ನಲ್ಲಿ ದಕ್ಷಿಣ ವಲಯಕ್ಕೆ ಸೇರುತ್ತಾರೆ. ಅಂದರೆ ಮಡಗಾಂವ್ ಹುಡುಗಿ ಆಡುವುದು ನಮ್ಮ ಕರ್ನಾಟಕದವರ ಜೊತೆ, ಮುಂಬೈಯವರ ಜೊತೆ ಅಲ್ಲ. ಸಣ್ಣ ರಾಜ್ಯದಿಂದ ಭಾರತ ತಂಡದವರೆಗೆ ಹೋಗಬಹುದು ಅಂತ ತೋರಿಸಿದವರು ಶಿಖಾ ಪಾಂಡೆ. ಗೋವಾದಲ್ಲಿ ಇಂಜಿನಿಯರಿಂಗ್ ಓದಿ, ವಾಯುಪಡೆ ಸೇರಿ, ಹೊಸ ಚೆಂಡು ಹಿಡಿದರು.

ನನ್ನ ತಂಗಿಯ ಮಗಳು ಪುಣೆಯಲ್ಲಿದ್ದಾಳೆ. ಹದಿನಾಲ್ಕು ವರ್ಷ, ಆಫ್ ಸ್ಪಿನ್ ಮಾಡುತ್ತಾಳೆ. ಮೊದಲು ಸೇರಿದ್ದ ಕೋಚಿಂಗ್‌ನಲ್ಲಿ ಹುಡುಗರ ನೆಟ್ಸ್ ಮುಗಿದ ಮೇಲೆ ಉಳಿದ ಇಪ್ಪತ್ತು ನಿಮಿಷ ಹುಡುಗಿಯರಿಗೆ. ಫೀಸು ಮಾತ್ರ ಅಷ್ಟೇ. ಪಂದ್ಯ ಇದ್ದ ದಿನ ರಾತ್ರಿ ಫೋನ್ ಮಾಡುತ್ತಿದ್ದಳು. "ದೊಡ್ಡವ್ವಾ, ಇವತ್ತೂ ನನಗ ಓವರ್ ಕೊಡ್ಲಿಲ್ಲ." ತಂಗಿ ಜಗಳ ಆಡಲಿಲ್ಲ, ಬೇರೆ ಕಡೆ ಸೇರಿಸಿದಳು. ಅಲ್ಲಿ ಹುಡುಗರ ಜೊತೆಯೇ ಪಂದ್ಯ ಆಡಿಸುತ್ತಾರೆ. ಈಗ ಫೋನ್ ಮಾಡಿದರೆ, ಇವತ್ತು ಎಷ್ಟು ಚೆಂಡು ಹಾಕಿದೆ ಅಂತ ಅವಳೇ ಮೊದಲು ಹೇಳುತ್ತಾಳೆ.

ಅವಳ ವಯಸ್ಸಿನವರಿಗೆ ಈಗ ದಾರಿ ಇದೆ. 15 ವರ್ಷದೊಳಗಿನವರ ರಾಷ್ಟ್ರೀಯ ಪಂದ್ಯಾವಳಿ 2022-23ರಲ್ಲಿ ಬಂತು. 19ರೊಳಗಿನವರದು ಮೊದಲಿಂದ ಇದೆ, ಅಲ್ಲಿಂದ ಬಂದ ಎರಡು ಇನಿಂಗ್ಸ್ ನನಗೆ ತುಂಬಾ ಇಷ್ಟ. 2013ರಲ್ಲಿ ಸಾಂಗ್ಲಿಯ ಸ್ಮೃತಿ ಮಂಧಾನ ಮಹಾರಾಷ್ಟ್ರಕ್ಕಾಗಿ ಗುಜರಾತ್ ವಿರುದ್ಧ ಔಟಾಗದೆ 224. ಕೈಯಲ್ಲಿದ್ದದ್ದು ನಮ್ಮ ರಾಹುಲ್ ದ್ರಾವಿಡ್ ಕೊಟ್ಟ ಬ್ಯಾಟ್. 2017ರಲ್ಲಿ ಜೆಮಿಮಾ ರಾಡ್ರಿಗಸ್ ಮುಂಬೈಗಾಗಿ ಸೌರಾಷ್ಟ್ರದ ವಿರುದ್ಧ ಔಟಾಗದೆ 202. ಜೆಮಿಮಾ ಮನೆಯವರ ಮೂಲ ಮಂಗಳೂರು, ಬೆಳೆದದ್ದು ಭಾಂಡೂಪ್, ಬಾಂದ್ರಾಗಳಲ್ಲಿ. ಎಂಟು ವರ್ಷ ಆದ ಮೇಲೆ ಅದೇ ಹುಡುಗಿ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು ಔಟಾಗದೆ 127 ಹೊಡೆದಾಗ ಲೋಕಕ್ಕೆಲ್ಲ ಗೊತ್ತಾಯಿತು. ಆ 202 ಬರೆದ ಸ್ಕೋರರ್‌ಗೆ ಅವತ್ತೇ ಗೊತ್ತಿತ್ತು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 2021ರಲ್ಲಿ ಹಿರಿಯ ಮಹಿಳೆಯರ ದೇಶಿ ಪಂದ್ಯದ ಶುಲ್ಕ 12,500ರಿಂದ 20,000 ರೂಪಾಯಿಗೆ ಏರಿತು. ವಿಶ್ವಕಪ್ ಗೆದ್ದ ಮೇಲೆ, 2025ರ ಡಿಸೆಂಬರ್‌ನಲ್ಲಿ, ಹನ್ನೊಂದರ ಬಳಗದಲ್ಲಿ ಆಡುವವರಿಗೆ ದಿನಕ್ಕೆ 50,000 ಮಾಡಿದರು. ಒಳ್ಳೆಯ ಕೆಲಸ. 2023ರಲ್ಲಿ ಇದೇ ಮುಂಬೈಯಲ್ಲಿ ಶುರುವಾದ ಡಬ್ಲ್ಯುಪಿಎಲ್, ಅಂದರೆ ಮಹಿಳೆಯರ ಐಪಿಎಲ್‌ನಿಂದ ಕೆಲವರ ಬದುಕೇ ಬದಲಾಯಿತು. ಎರಡನೇ ವರ್ಷ ಕಪ್ ಆರ್‌ಸಿಬಿಗೆ ಬಂತು, ಫೈನಲ್‌ನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು ನಾಲ್ಕು ವಿಕೆಟ್ ತೆಗೆದರು. ಆದರೆ ಅಲ್ಲಿರುವುದು ಐದು ತಂಡ. ಉಳಿದ ನೂರಾರು ಹುಡುಗಿಯರಿಗೆ ರಾಜ್ಯ ತಂಡವೇ ಗತಿ, ಅದರ ಕೆಳಗೆ ಕ್ಲಬ್ಬು. ಮಹಾರಾಷ್ಟ್ರದವರು ಪುಣೆ ಹತ್ತಿರದ ಗಹುಂಜೆಯಲ್ಲಿ ನಾಲ್ಕು ತಂಡಗಳ ಲೀಗ್ ಶುರು ಮಾಡಿದ್ದು ಅದಕ್ಕೇ ನನಗೆ ದೊಡ್ಡದಾಗಿ ಕಾಣುತ್ತದೆ. ದಿನದ ಶುಲ್ಕ ಎಷ್ಟೇ ಏರಲಿ, ವರ್ಷಕ್ಕೆ ಆಟದ ದಿನ ಎಷ್ಟು ಅಂತ ನಾವು ಕೇಳುತ್ತಲೇ ಇರಬೇಕು.

ನಾನು ಬರೆಯುವ ಪಂದ್ಯಗಳಿಗೆ ಟಿಕೆಟ್ ಇಲ್ಲ, ಗೇಟಿನಲ್ಲಿ ತಡೆಯುವವರೂ ಇಲ್ಲ. ನೋಡಲು ಬರುವವರು ಅಪ್ಪ ಅಮ್ಮ, ಒಂದಿಬ್ಬರು ತಮ್ಮ ತಂಗಿ, ಮೈದಾನ ದಾಟಿ ಹೋಗುವವರು. ಚರ್ಚ್‌ಗೇಟ್‌ನಲ್ಲಿ ಇಳಿದರೆ ಕ್ರಾಸ್ ಮೈದಾನ ಹತ್ತೇ ನಿಮಿಷ. ನಮ್ಮವರೇ ಕಟ್ಟಿದ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್ ಇರುವುದೂ ಅಲ್ಲೇ. ಟೋಪಿ ಹಾಕಿಕೊಂಡು ಬನ್ನಿ, ಬಿಸಿಲು ಜಾಸ್ತಿ. ಮಗಳನ್ನೂ ಕರೆತನ್ನಿ. ಬೌಂಡರಿ ಹೊಡೆದಾಗ ಚಪ್ಪಾಳೆ ತಟ್ಟಿ. ಯಾರೋ ಪರಿಚಯ ಇಲ್ಲದವರು ತಟ್ಟಿದ ಚಪ್ಪಾಳೆ ಕೇಳಿ ಆ ಮಕ್ಕಳು ತಿರುಗಿ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಗ್ಗದ ಪಕ್ಕದ ಮೇಜಿನಲ್ಲಿ ನಾನಿದ್ದರೆ ಕನ್ನಡದಲ್ಲೇ ಸ್ಕೋರ್ ಕೇಳಿ. ಓವರ್ ನಡುವೆ ಮಾತ್ರ ಬೇಡ, ಮುಗಿದ ಕೂಡಲೇ ಹೇಳುತ್ತೇನೆ.

ನಮಸ್ಕಾರ.