ಅಂಗಳದಾಗ ನಿಂತ ಗಾಡಿ ಯಾರದು?

(ಕಲಬುರಗಿಯಲ್ಲಿ ಕಾರು ವ್ಯಾಪಾರಿಗಳು, ವರ್ಕ್‌ಶಾಪ್ ಸಿಬ್ಬಂದಿ ಮತ್ತು ಆಟೊಮೊಬೈಲ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ಶರಣು.

ಈ ಸಭೆಯಲ್ಲಿ ಡೀಲರ್‌ಗಳು ಮುಂದಿನ ಸಾಲಿನಲ್ಲಿ ಕೂತಿದ್ದೀರಿ, ಮೆಕ್ಯಾನಿಕ್‌ಗಳು ಹಿಂದಿನ ಸಾಲಿನಲ್ಲಿ. ಇನ್ನು ಕೆಲವು ವರ್ಷಗಳಲ್ಲಿ ಈ ಸಾಲುಗಳು ಅದಲುಬದಲು ಆಗಬೇಕು, ಆಗದಿದ್ದರೆ ಎರಡೂ ಸಾಲು ಖಾಲಿಯಾಗುತ್ತವೆ. ಇವತ್ತು ನಾನು ಹೇಳಬೇಕಾದದ್ದು ಇದನ್ನೇ.

ಬಜಾರಿನಲ್ಲಿ ಒಂದು ಮಾತು ಓಡಾಡುತ್ತಿದೆ. "ಶೋರೂಮ್ ಕಥಿ ಮುಗೀತ್ರಿ, ಇನ್ನ ಮಂದಿ ಸೀದಾ ಫ್ಯಾಕ್ಟರಿಗೇ ಆರ್ಡರ್ ಹಾಕ್ತಾರ." ಮಾತಿನಲ್ಲಿ ಸತ್ಯ ಇದೆ, ಆದರೆ ಅರ್ಧ. ಮರ್ಸಿಡಿಸ್ ಬೆಂಜ್ ಕಂಪನಿ ಭಾರತದಲ್ಲಿ 2021ರ ಅಕ್ಟೋಬರ್‌ನಿಂದಲೇ ಈ ದಾರಿ ಹಿಡಿದಿದೆ. ಗಾಡಿಯ ದಾಸ್ತಾನು ಕಂಪನಿಯದು, ಬಿಲ್ಲು ಕಂಪನಿಯ ಹೆಸರಿನಲ್ಲಿ, ದೇಶಕ್ಕೆಲ್ಲ ಒಂದೇ ದರ, ಡೀಲರನಿಗೆ ಪ್ರತಿ ಗಾಡಿಗೆ ಇಂತಿಷ್ಟು ಕಮಿಷನ್. ಇದಕ್ಕೇ ಏಜೆನ್ಸಿ ಪದ್ಧತಿ ಅನ್ನುತ್ತಾರೆ. ಟೆಸ್ಲಾ 2025ರ ಜುಲೈನಲ್ಲಿ ಮುಂಬೈಯಲ್ಲಿ ಬಾಗಿಲು ತೆರೆದಾಗ ನಡುವೆ ಡೀಲರನೇ ಇರಲಿಲ್ಲ. ಅವೆಲ್ಲ ದೊಡ್ಡವರ ಗಾಡಿ, ನಮ್ಮ ಕೆಎ 32ಕ್ಕೂ ಅದಕ್ಕೂ ಏನು ಸಂಬಂಧ ಎನ್ನಬೇಡಿ. ಎಂಟು-ಹತ್ತು ಲಕ್ಷದ ಗಾಡಿಯ ಗಿರಾಕಿಯೂ ಬಣ್ಣ, ವೇರಿಯಂಟ್, ಸೀಟಿನ ಬಟ್ಟೆ ಎಲ್ಲವನ್ನೂ ಮೊಬೈಲ್‌ನಲ್ಲೇ ಆರಿಸಿಕೊಂಡು ಶೋರೂಮಿಗೆ ಬರುತ್ತಿದ್ದಾನೆ. ಅವನು ಕೇಳುವುದು ಒಂದೇ: "ನಾ ಆರಿಸಿದ್ದೇ ಬರ್ತದೋ, ನಿಮ್ಮ ಯಾರ್ಡಿನಾಗ ಇದ್ದದ್ದು ಕೊಡ್ತೀರೋ?"

ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಅಂಗಳದಾಗ ನಿಂತ ಗಾಡಿ ಯಾರದು?

ಒಂದು ಗಾಡಿಯನ್ನೇ ಹಿಡಿದು ನೋಡೋಣ. ಬಿಳಿ ಬಣ್ಣ, ಪೆಟ್ರೋಲ್, ನಡುವಿನ ವೇರಿಯಂಟ್. ಪುಣೆ ಹತ್ತಿರದ ಚಾಕಣದಲ್ಲಿ ಟ್ರೇಲರ್ ಹತ್ತಿ, ಸೊಲ್ಲಾಪುರ ದಾಟಿ ನಮ್ಮೂರಿಗೆ ಬಂತು ಎನ್ನಿ. ಯಾಕೆ ಬಂತು? ಗಿರಾಕಿ ಕೇಳಿದ್ದಕ್ಕಲ್ಲ. ತಿಂಗಳ ಕೊನೆಯ ಮೂರು ದಿನ, ಏರಿಯಾ ಮ್ಯಾನೇಜರನ ಫೋನು: "ಇನ್ನೊಂದು ಎಂಟು ಬಿಲ್ ಮಾಡಿಕೊಳ್ರಿ ಸಾಹುಕಾರ್ರ, ಸ್ಕೀಮ್ ನಾ ನೋಡ್ಕೋತೀನಿ." ಕಂಪನಿಯ ಲೆಕ್ಕದಲ್ಲಿ ಆ ಗಾಡಿ ಅವತ್ತೇ ಮಾರಾಟವಾಯಿತು, ಅವರು ಎಣಿಸುವುದು ಫ್ಯಾಕ್ಟರಿ ಗೇಟು ದಾಟಿದ ಗಾಡಿಗಳನ್ನು. ಡೀಲರನ ಲೆಕ್ಕದಲ್ಲಿ ಅವತ್ತು ಶುರುವಾದದ್ದು ಬಡ್ಡಿ. ಬಿಲ್ 9 ಲಕ್ಷ, ಬ್ಯಾಂಕಿನ ಇನ್ವೆಂಟರಿ ಸಾಲ ನೂರಕ್ಕೆ 10 ಎಂದು ಹಿಡಿದರೆ ಒಂದು ದಿನಕ್ಕೆ 247 ರೂಪಾಯಿ. ಇಂಥ 40 ಗಾಡಿ ನಿಂತರೆ ದಿನಕ್ಕೆ 10 ಸಾವಿರದ ಹತ್ತಿರ, ತಿಂಗಳಿಗೆ 3 ಲಕ್ಷ. ಡೀಲರ್‌ಗಳ ಒಕ್ಕೂಟ ಫಾಡಾ ಹೇಳುವುದು ದಾಸ್ತಾನು 21 ದಿನ ಮೀರಬಾರದು ಎಂದು. 2024ರ ಹಬ್ಬದ ಹೊತ್ತಿಗೆ ಅದೇ ಒಕ್ಕೂಟ ಕೊಟ್ಟ ಅಂಕಿ 80ರಿಂದ 85 ದಿನ. 80 ದಿನ ನಿಂತ ಗಾಡಿಯ ಮೇಲೆ 20 ಸಾವಿರದಷ್ಟು ಬಡ್ಡಿ ಕೂತಿರುತ್ತದೆ. ಗಿರಾಕಿ 15 ಸಾವಿರ ರಿಯಾಯಿತಿ ಸಿಕ್ಕಿತೆಂದು ಖುಷಿಯಾಗಿ ಹೋಗುತ್ತಾನೆ, ಡೀಲರ್ ಆ ಗಾಡಿ ಹೋಯಿತಲ್ಲ ಎಂದು ಉಸಿರು ಬಿಡುತ್ತಾನೆ.

ಅದೇ ಗಾಡಿಯ ಹತ್ತಿರ ಹೋಗಿ. ಹುಮನಾಬಾದ್ ರಸ್ತೆಯ ಕಡೆ ಊರ ಹೊರಗೆ ಯಾರ್ಡ್, ಮೇ ತಿಂಗಳು, 43 ಡಿಗ್ರಿ ಬಿಸಿಲು, ಮೇಲೆ ತಗಡಿಲ್ಲ. ಎಂಜಿನ್ ಆರಿದ್ದರೂ ಅಲಾರಂ, ಲಾಕ್, ಇಸಿಯು ಎಂಬ ಗಾಡಿಯ ಕಂಪ್ಯೂಟರ್ ಸ್ವಲ್ಪ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತವೆ. ಸಾಗಣೆಗೆಂದು ಕಂಪನಿಯವರು ಕರೆಂಟು ಉಳಿಸುವ ಟ್ರಾನ್ಸಿಟ್ ಮೋಡ್ ಇಟ್ಟಿರುತ್ತಾರೆ ಅಥವಾ ಒಂದು ಫ್ಯೂಸ್ ಕಿತ್ತಿರುತ್ತಾರೆ. ಟ್ರೇಲರಿನಿಂದ ಇಳಿಸಿದ ಹುಡುಗ ಹಾಡು ಕೇಳಲಿಕ್ಕೆ ಅದನ್ನು ಹಾಕಿಬಿಟ್ಟರೆ ಮುಗಿಯಿತು. 12.6 ವೋಲ್ಟ್ ಇರಬೇಕಾದ ಬ್ಯಾಟರಿ 12.4ಕ್ಕಿಂತ ಕೆಳಗಿಳಿದರೆ ಚಾರ್ಜರಿಗೆ ಹಾಕಲೇಬೇಕು. 12ಕ್ಕಿಂತ ಕೆಳಗೆ ವಾರಗಟ್ಟಲೆ ನಿಂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬರುವುದಿಲ್ಲ. ಗಿರಾಕಿ ಆರು ತಿಂಗಳಿಗೆ ವಾಪಸ್ ಬಂದು "ಹೊಸ ಗಾಡಿ, ಸೆಲ್ಫ್ ಹೊಡೀವಲ್ದು" ಅನ್ನುವುದರ ಮೂಲ ಈ ಯಾರ್ಡಿನಲ್ಲಿದೆ.

ಟೈರಿಗೂ ಇದೇ ಕಥೆ. ಸಾಗಣೆಗೆಂದು 40 ಪಿಎಸ್‌ಐ ಮೇಲೆ ಗಾಳಿ ತುಂಬಿರುತ್ತಾರೆ. ಕೊಡುವಾಗ ಅದನ್ನು ಬಾಗಿಲ ಪಟ್ಟಿಯಲ್ಲಿ ಬರೆದ ಅಳತೆಗೆ, ಹೆಚ್ಚಿನ ಗಾಡಿಗೆ 33ರ ಆಸುಪಾಸಿಗೆ, ಇಳಿಸಬೇಕು. ಮರೆತರೆ ಗಿರಾಕಿ ಮೊದಲ ದಿನವೇ "ಗಾಡಿ ಕುಣೀತದ" ಅನ್ನುತ್ತಾನೆ. ನಿಂತಲ್ಲೇ ನಿಂತರೆ ಟೈರಿನ ತಳ ಚಪ್ಪಟೆಯಾಗುತ್ತದೆ, ಹದಿನೈದು ದಿನಕ್ಕೊಮ್ಮೆ ಅರ್ಧ ಸುತ್ತಾದರೂ ಉರುಳಿಸಬೇಕು. ಹಕ್ಕಿಯ ಹಿಕ್ಕೆ ಬಿಸಿಲಿಗೆ ಒಣಗಿದರೆ ಬಣ್ಣದ ಮೇಲಿನ ಕ್ಲಿಯರ್ ಕೋಟ್ ಕೆರೆದು ಗುರುತು ಬಿಡುತ್ತದೆ. ಇನ್ನು ಇಲಿ! ತೊಗರಿ ಕಟಾವಾಗಿ ಹೊಲ ಬರಿದಾದ ಮೇಲೆ ಅವುಗಳಿಗೂ ಮನೆ ಬೇಕಲ್ಲ. ಎಂಜಿನ್ ಬೇ ಅವುಗಳಿಗೆ ಬೆಚ್ಚಗಿನ ವಾಡೆ, ವೈರಿಂಗ್ ಹಾರ್ನೆಸ್ ಊಟ. ಒಂದು ಹಾರ್ನೆಸ್ ಕಡಿದರೆ ವಾರಂಟಿಯಲ್ಲಿ ಬರುವುದಿಲ್ಲ, ಆ ಖರ್ಚೂ ಡೀಲರನದೇ.

ಅಷ್ಟರಲ್ಲಿ ಡಿಸೆಂಬರ್ ಬಂತು. 17 ಅಕ್ಷರಗಳ ಚಾಸಿ ನಂಬರಿನಲ್ಲಿ ಸಾಮಾನ್ಯವಾಗಿ ಹತ್ತನೆಯದು ವರ್ಷದ ಗುರುತು. 2025ಕ್ಕೆ ಎಸ್, 2026ಕ್ಕೆ ಟಿ. ಡಿಸೆಂಬರ್ 31ರ ರಾತ್ರಿ ಕಳೆದರೆ ಒಂದು ಕಿಲೋಮೀಟರ್ ಓಡದ ಗಾಡಿಯೂ ಹಿಂದಿನ ವರ್ಷದ ಮಾಲು. ಅಂಗಳದಾಗ ನಿಂತ ಗಾಡಿ ಯಾರದು? ಲಾಭ ಬಂದಾಗ ಎಲ್ಲರದೂ, ನಷ್ಟ ಬಂದಾಗ ಡೀಲರನೊಬ್ಬನದು.

2025ರಲ್ಲಿ ಆದದ್ದು ನಿಮಗೆಲ್ಲ ನೆನಪಿದೆ. ಜಿಎಸ್‌ಟಿ ಇಳಿಯುತ್ತದೆ ಎಂಬ ಸುದ್ದಿ ಆಗಸ್ಟ್ 15ರಂದು ಬಂತು, ಸೆಪ್ಟೆಂಬರ್ 22ಕ್ಕೆ ಜಾರಿಯಾಯಿತು. ನಡುವಿನ ಐದು ವಾರ ಗಿರಾಕಿ ಕದಲಲಿಲ್ಲ, ಯಾರ್ಡ್ ತುಂಬಿತು. ಸಣ್ಣ ಕಾರಿಗೆ 18 ಪ್ರತಿಶತ, ದೊಡ್ಡದಕ್ಕೆ 40 ಆಗಿ, ಅದರ ಮೇಲಿದ್ದ ಸೆಸ್ ಹೋಯಿತು. ಗಿರಾಕಿಗೆ ಒಳ್ಳೆಯದೇ ಆಯಿತು. ಆದರೆ ಸೆಸ್ ಕಟ್ಟಿ ತಂದ ದಾಸ್ತಾನು ಇಟ್ಟುಕೊಂಡವನ ಲೆಡ್ಜರಿನಲ್ಲಿ ಆ ಹಣ ಬಳಸಲಾಗದೆ ಸಿಕ್ಕಿಕೊಂಡಿತು. ಗಾಡಿ ಕಂಪನಿಯ ಹೆಸರಿನಲ್ಲಿ ನಿಂತಿದ್ದರೆ ಆ ತಲೆನೋವು ಕಂಪನಿಯದಾಗಿರುತ್ತಿತ್ತು. ಅದಕ್ಕೇ ನಾನು ಹೇಳುವುದು, ದಾಸ್ತಾನಿನ ಭಾರ ಹೋಗುವುದಾದರೆ ಡೀಲರ್ ಅಳಬಾರದು. ಅದು ಹೋಗಬೇಕಾದದ್ದೇ.

ಬೀದರಿನವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಇವತ್ತು ಬೀದರಿನ ಗಿರಾಕಿ ಹೈದರಾಬಾದಿನ ಕೊಟೇಷನ್ ಹಿಡಿದು ಬರುತ್ತಾನೆ. ಅಲ್ಲಿಯ ದೊಡ್ಡ ಡೀಲರ್ ತಿಂಗಳ ಟಾರ್ಗೆಟ್ ಮುಟ್ಟಲಿಕ್ಕೆ ಹೆಚ್ಚು ಬಿಡುತ್ತಾನೆ, ಇಲ್ಲಿಯವನಿಗೆ ಆಗುವುದಿಲ್ಲ. ಗಿರಾಕಿ ತಾತ್ಕಾಲಿಕ ನೋಂದಣಿ ಮಾಡಿಸಿ ತಂದು ಕೆಎ 38 ಹಾಕಿಸುತ್ತಾನೆ. ಆಜೀವ ತೆರಿಗೆ ಹೇಗೂ ಕರ್ನಾಟಕದ್ದೇ, ದರ ನೋಡಿಕೊಂಡು 13ರಿಂದ 18 ಪ್ರತಿಶತ, ಅದರ ಮೇಲೆ ಸೆಸ್. ಅಂದಮೇಲೆ ಉಳಿದದ್ದು ರಿಯಾಯಿತಿಯ ವ್ಯತ್ಯಾಸ ಮಾತ್ರ. ದೇಶಕ್ಕೆಲ್ಲ ಒಂದೇ ದರ ಆದರೆ ಆ ಓಡಾಟ ನಿಲ್ಲುತ್ತದೆ.

ಹಾಗಾದರೆ ಫ್ಯಾಕ್ಟರಿ ಆರ್ಡರ್‌ನಲ್ಲಿ ಕೆಡುವುದು ಎಲ್ಲಿ? ಮೊದಲನೆಯದು ದಿನ. ಆ್ಯಪ್ ಹೇಳುವುದು "ಆರರಿಂದ ಎಂಟು ವಾರ". ನಮ್ಮ ಗಿರಾಕಿಗೆ ವಾರ ಬೇಡ, ವಿಜಯದಶಮಿಯ ಬೆಳಗ್ಗೆ ಬೇಕು. ಗಾಡಿ ಮೊದಲು ಹೋಗುವುದು ಶರಣಬಸವೇಶ್ವರರ ಗುಡಿಗೆ ಇಲ್ಲವೇ ಬಂದೇ ನವಾಜ್ ದರ್ಗಾಕ್ಕೆ. ಪಿತೃಪಕ್ಷದಲ್ಲಿ ಟ್ರೇಲರ್ ಬಂದು ನಿಂತರೆ ಅವನು ಡೆಲಿವರಿ ಮುಟ್ಟುವುದಿಲ್ಲ, ಆ ಹದಿನೈದು ದಿನ ಅದನ್ನು ನೆರಳಲ್ಲಿಟ್ಟು ಬ್ಯಾಟರಿ ನೋಡುವವರು ಊರಲ್ಲೇ ಬೇಕು. ಎರಡನೆಯದು ದರ. ಬುಕಿಂಗ್ ಫಾರ್ಮಿನಲ್ಲಿ ಸಣ್ಣ ಅಕ್ಷರದಲ್ಲಿ "ವಿತರಣೆಯ ದಿನದ ದರ ಅನ್ವಯ" ಎಂದಿರುತ್ತದೆ. ಎಂಟು ವಾರ ಕಾದವನಿಗೆ ಜನವರಿಯ ದರ ಏರಿಕೆ ತಾಗುತ್ತದೆ, ಬ್ಯಾಂಕಿನ ಸಾಲದ ಮಂಜೂರಾತಿಯ ಅವಧಿಯೂ ಮುಗಿದಿರುತ್ತದೆ. ಆರ್ಡರ್ ಖಾಯಂ ಆದ ದಿನದ ದರವನ್ನೇ ಬರವಣಿಗೆಯಲ್ಲಿ ಕೇಳಬೇಕು.

ಮೂರನೆಯದು ದುಡ್ಡು. ತೊಗರಿ ಮಾರಿದ ರೈತ ಎಪಿಎಂಸಿಯಿಂದ ನೋಟಿನ ಕಟ್ಟು ಚೀಲದಲ್ಲಿ ಹಾಕಿಕೊಂಡು ಬರುತ್ತಾನೆ. "ಯಪ್ಪಾ, ಎಣಿಸಿಕೊಂಡು ಗಾಡಿ ಕೊಡ್ರಿ" ಅನ್ನುತ್ತಾನೆ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವ ಹಾಗಿಲ್ಲ, ಪಡೆದವನಿಗೆ ಅಷ್ಟೇ ಮೊತ್ತದ ದಂಡ. 10 ಲಕ್ಷ ದಾಟಿದ ಗಾಡಿಗೆ ಒಂದು ಪ್ರತಿಶತ ಟಿಸಿಎಸ್, ಅಂದರೆ ಮಾರುವವನೇ ಮೊದಲು ವಸೂಲಿ ಮಾಡುವ ಆದಾಯ ತೆರಿಗೆ, ಬೇರೆ, ಅದು ವಾಪಸ್ ಬರಬೇಕೆಂದರೆ ರಿಟರ್ನ್ ಹಾಕಬೇಕು. ಇದನ್ನೆಲ್ಲ ಆ್ಯಪ್ ಹೇಳುವುದಿಲ್ಲ. ಅವನ ಪಕ್ಕ ಕೂತು, ಖಾತೆಗೆ ಹಣ ಹಾಕಿಸಿ, ಆರ್‌ಟಿಜಿಎಸ್ ಮಾಡಿಸುವ ಹುಡುಗ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಇನ್ನೂ ಬಹಳ ವರ್ಷ ಬೇಕಾಗುತ್ತಾನೆ.

ಹೊರದೇಶದ ಮಾತು ಬೇಗ ಹೇಳಿ ಮುಗಿಸುತ್ತೇನೆ. ಆಸ್ಟ್ರೇಲಿಯಾದಲ್ಲಿ ಮರ್ಸಿಡಿಸ್ ಹೀಗೆ ಬದಲಾಯಿಸಿದಾಗ 38 ಡೀಲರ್‌ಗಳು ಕೋರ್ಟಿಗೆ ಹೋದರು. 2023ರಲ್ಲಿ ಫೆಡರಲ್ ಕೋರ್ಟ್ ತೀರ್ಪು ಕಂಪನಿಯ ಪರ ಬಂತು. ಕರಾರು ಓದದೆ ಸಹಿ ಮಾಡುವವರಿಗೆ ಇದು ಪಾಠ. ಇನ್ನೊಂದು ಕಡೆ ಜಾಗ್ವಾರ್ ಲ್ಯಾಂಡ್ ರೋವರ್ 2024ರಲ್ಲಿ ಯುರೋಪಿನ ತನ್ನ ಏಜೆನ್ಸಿ ಯೋಜನೆಯನ್ನೇ ಕೈಬಿಟ್ಟಿತು. ಹಳೆಯ ಗಾಡಿಗೆ ಬೆಲೆ ಕಟ್ಟುವುದು, ಊರಿನ ಗಿರಾಕಿಯ ಜೊತೆ ಚೌಕಾಸಿ ಮಾಡುವುದು ಕೇಂದ್ರ ಕಚೇರಿಯಲ್ಲಿ ಕೂತು ಆಗುವ ಕೆಲಸವಲ್ಲ.

ಈಗ ಹಿಂದಿನ ಸಾಲಿನವರ ಕಡೆ ಬರುತ್ತೇನೆ. ಡೀಲರ್‌ಶಿಪ್ ಉಳಿಯುತ್ತದೋ ಇಲ್ಲವೋ ತಿಳಿಯಲು ಒಂದೇ ಅಂಕಿ ನೋಡಿ, ಸರ್ವಿಸ್ ಅಬ್ಸಾರ್ಪ್ಷನ್, ಅಂದರೆ ಸ್ಥಿರ ಖರ್ಚಿನಲ್ಲಿ ವರ್ಕ್‌ಶಾಪ್ ಹೊರುವ ಪಾಲು ನೂರಕ್ಕೆ ಎಷ್ಟು ಎಂಬುದು. ಬಾಡಿಗೆ, ಸಂಬಳ, ಕರೆಂಟು, ಬಡ್ಡಿ ಎಲ್ಲ ಸೇರಿ ತಿಂಗಳ ಸ್ಥಿರ ಖರ್ಚು 20 ಲಕ್ಷ ಎನ್ನಿ. ವರ್ಕ್‌ಶಾಪ್ ಮತ್ತು ಬಿಡಿಭಾಗದಿಂದ ಬರುವ ಒಟ್ಟು ಲಾಭ 11 ಲಕ್ಷವಾದರೆ ನಿಮ್ಮ ಅಂಕಿ 55. ಉಳಿದ 9 ಲಕ್ಷಕ್ಕೆ ಗಾಡಿ ಮಾರಲೇಬೇಕು, ಮಾರಲಿಕ್ಕೆ ಬಡ್ಡಿಯ ದಾಸ್ತಾನು ಇಡಲೇಬೇಕು. ದಾಸ್ತಾನು ಕಂಪನಿಗೆ ಹೋದರೆ ಬಡ್ಡಿ ಇಳಿಯುತ್ತದೆ, ಗಾಜಿನ ಶೋರೂಮ್ ಅರ್ಧಕ್ಕಿಳಿದರೆ ಬಾಡಿಗೆ ಇಳಿಯುತ್ತದೆ. ಖರ್ಚು 14 ಲಕ್ಷಕ್ಕೆ ಬಂದರೆ ಅದೇ 11 ಲಕ್ಷ ಸುಮಾರು 79 ಪ್ರತಿಶತ ಆಗುತ್ತದೆ. ವರ್ಕ್‌ಶಾಪಿಗೆ ಕೈ ಹಚ್ಚದೇ ಇಷ್ಟು. ಕೈ ಹಚ್ಚಿದರೆ 100 ದೂರವಿಲ್ಲ, ಆಗ ಒಂದು ಗಾಡಿ ಮಾರದ ತಿಂಗಳೂ ಸಂಬಳ ನಿಲ್ಲುವುದಿಲ್ಲ.

ಕೈ ಹಚ್ಚಲಿಕ್ಕೆ ನಮ್ಮ ನೆಲವೇ ಕೆಲಸ ಕೊಡುತ್ತದೆ. ವಾಡಿ, ಸೇಡಂ, ಶಹಾಬಾದ್ ಕಡೆಯ ಸಿಮೆಂಟು-ಕಲ್ಲಿನ ಧೂಳಿಗೆ ಏರ್ ಫಿಲ್ಟರ್, ಎಸಿ ಫಿಲ್ಟರ್ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗಿಂತ ಬಹಳ ಮೊದಲೇ ಕಟ್ಟುತ್ತವೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ರಸ್ತೆ ಅಲೆಅಲೆಯಾಗಿ, ಸಸ್ಪೆನ್ಷನ್ನಿನ ಲಿಂಕ್ ರಾಡ್, ಲೋವರ್ ಆರ್ಮ್ ಬುಷ್ ಬೇಗ ಹೋಗುತ್ತವೆ. ಇವನ್ನು ತಿಳಿದು ಮೊದಲೇ ತರಿಸಿಟ್ಟ ವರ್ಕ್‌ಶಾಪ್ ಗಿರಾಕಿಯನ್ನು ಸಂಜೆಗೇ ಬಿಡುತ್ತದೆ. ಇಲ್ಲದಿದ್ದರೆ ಗಾಡಿ ನಾಲ್ಕು ದಿನ ರಿಪೇರಿಯ ಜಾಗ ಹಿಡಿದು ನಿಲ್ಲುತ್ತದೆ, ಅಲ್ಲಿಯೂ ಅದೇ ಪ್ರಶ್ನೆ, ಅಂಗಳದಾಗ ನಿಂತ ಗಾಡಿ.

ಎಲೆಕ್ಟ್ರಿಕ್ ಬಂದರೆ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಬ್ರೇಕ್ ಪ್ಯಾಡ್ ಹೆಚ್ಚು ಕಾಲ ಬಾಳುತ್ತದೆ, ಆದಾಯ ಇಳಿಯುತ್ತದೆ ನಿಜ. ಆದರೆ ಭಾರಕ್ಕೆ ಟೈರ್ ಬೇಗ ಸವೆಯುತ್ತದೆ, ಬಾಡಿ ಶಾಪ್ ಕೆಲಸ ಹಾಗೇ ಇರುತ್ತದೆ. ಹೈ ವೋಲ್ಟೇಜ್ ಕೆಲಸಕ್ಕೆ ತರಬೇತಿ ಪಡೆದ ಇಬ್ಬರಾದರೂ ಇರಲಿ, ಒಬ್ಬನೇ ಎಂದೂ ಕೈ ಹಾಕಬಾರದು. 1000 ವೋಲ್ಟ್ ತಡೆಯುವ ಕ್ಲಾಸ್ 0 ಕೈಗವಸನ್ನು ಪ್ರತಿ ಸಲ ಗಾಳಿ ತುಂಬಿ, ಮಡಚಿ, ತೂತು ಇದೆಯೇ ನೋಡಿ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಕೆಪಾಸಿಟರ್ ಖಾಲಿಯಾಗಲು ಮ್ಯಾನುಯಲ್ ಹೇಳಿದಷ್ಟು ನಿಮಿಷ ಕಾಯಿರಿ, ಮೀಟರ್ ಹಿಡಿದು ಸೊನ್ನೆ ನೋಡಿದ ಮೇಲೇ ಪಾನಾ ಎತ್ತಿ.

ಚೀಟಿ ಬಂದಿದೆ, ಹತ್ತು ನಿಮಿಷವೂ ಉಳಿದಿಲ್ಲವಂತೆ. ಹಳೆಯ ಗಾಡಿಗಳ ವ್ಯಾಪಾರದ ಬಗ್ಗೆ ಬಹಳ ಹೇಳುವುದಿತ್ತು. ಒಂದೇ ಮಾತು: 2023ರ ಏಪ್ರಿಲ್‌ನಿಂದ ಹಳೆಯ ಗಾಡಿ ಕೊಳ್ಳುವ ಡೀಲರ್ ಆರ್‌ಟಿಒದಲ್ಲಿ ಅಧಿಕೃತವಾಗಿ ನೋಂದಾಯಿಸಿಕೊಳ್ಳುವ ವ್ಯವಸ್ಥೆ ಬಂದಿದೆ, ಮಾಡಿಸಿಕೊಳ್ಳಿ. ಗಾಡಿ ಹಿಡಿಯುವ ಮೊದಲು ಬ್ಯಾಂಕಿನ ಎನ್‌ಒಸಿ ಮತ್ತು ಬಾಕಿ ಚಲನ್ ನೋಡಿ.

ಕರಾರಿನ ವಿಷಯ. ಜನರಲ್ ಮೋಟರ್ಸ್ 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ಮುಚ್ಚುವುದಾಗಿ ಹೇಳಿತು. ಗಾಜು, ಟೈಲ್ಸ್, ಲಿಫ್ಟಿಗೆ ಸುರಿದ ಹಣ ಡೀಲರನದು. ಹೊಸ ಏಜೆನ್ಸಿ ಕರಾರು ಬಂದಾಗ ನಾಲ್ಕು ಗೆರೆ ಹುಡುಕಿ. ಬಿಟ್ಟುಹೋಗುವುದಾದರೆ ಎಷ್ಟು ತಿಂಗಳ ನೋಟಿಸ್, ಉಳಿದ ಬಿಡಿಭಾಗ ಮತ್ತು ಸ್ಪೆಷಲ್ ಟೂಲ್ ಯಾವ ದರಕ್ಕೆ ವಾಪಸ್, ಟೆಸ್ಟ್ ಡ್ರೈವ್ ಗಾಡಿ ಯಾರ ಹೆಸರಿನಲ್ಲಿ, ಮತ್ತು ಪಿಡಿಐಗೆ, ಅಂದರೆ ಗಾಡಿ ಕೊಡುವ ಮುಂಚಿನ ತಪಾಸಣೆಗೆ, ಎಷ್ಟು ಕೂಲಿ.

ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಚಾಸಿ ನಂಬರ್ ಕಂಪನಿ ಕೊಡುವ ರಸ್ತೆಯೋಗ್ಯತೆ ಪತ್ರ ಫಾರ್ಮ್ 22ರ ಜೊತೆ ತಾಳೆ ನೋಡಿ, ಟೈರಿನ ವಾರ-ವರ್ಷದ ನಾಲ್ಕು ಅಂಕಿ ಬರೆದು, ಪೇಂಟ್ ಗೇಜಿನಲ್ಲಿ ಒಂದೊಂದೇ ಪ್ಯಾನೆಲ್ ಅಳೆದು, ನಂಬರ್ ಪ್ಲೇಟು, ಫಾಸ್ಟ್ಯಾಗ್ ಕೂಡಿಸಿ, ಸಾಫ್ಟ್‌ವೇರ್ ಹಾಕಿ ಒಂದು ಗಾಡಿ ತಯಾರು ಮಾಡಲು ಎರಡು ತಾಸು ಬೇಕು. ಇವತ್ತು ಅದು ಮಾರಾಟದ ಲಾಭದಲ್ಲಿ ಮುಚ್ಚಿಹೋಗುತ್ತದೆ. ನಾಳೆ ಗಾಡಿ ಕಂಪನಿಯದಾದಾಗ ಆ ಎರಡು ತಾಸು ನೀವು ಕಂಪನಿಗೆ ಮಾಡಿಕೊಡುವ ಕೆಲಸ. ಕರಡಿನಲ್ಲಿ ಆ ಜಾಗ ಖಾಲಿ ಇದ್ದರೆ ಅಂಕಿ ಬರೆಸಿದ ಮೇಲೇ ಸಹಿ ಮಾಡಿ.

ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನಿಂದ ಶುರು ಮಾಡೋಣ.