ಪೇಟಿಯ ಕೈ, ಪಿಯಾನೋದ ಕೈ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಪಿಯಾನೋ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಇದು ನಾಟಕದ ಊರು, ನಟ ಬಳ್ಳಾರಿ ರಾಘವರ ಊರು. ರಂಗಗೀತೆ, ಪೇಟಿ ಅಂದರೆ ಹಾರ್ಮೋನಿಯಂ, ಕೇಳಿಕೊಂಡೇ ಬೆಳೆದವರು ನಾವು. ಅದಕ್ಕೇ ಪೇಟಿಯಿಂದಲೇ ಶುರು ಮಾಡುತ್ತೇನೆ.

ಪೇಟಿಯಲ್ಲಿ ಎಡಗೈ ತಿದಿ ಒತ್ತುತ್ತದೆ, ಬಲಗೈ ಹಾಡುತ್ತದೆ. ಗಾಳಿ ಇರುವಷ್ಟು ಹೊತ್ತು ಸ್ವರ ಕೇಳುತ್ತಲೇ ಇರುತ್ತದೆ. ಪಿಯಾನೋ ಹಾಗಲ್ಲ. ಕೀ ಒತ್ತಿದರೆ ಒಳಗಿನ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಗಳಿಗೆಯಿಂದಲೇ ಸ್ವರ ಕರಗುತ್ತಾ ಹೋಗುತ್ತದೆ.

ಪೋಲೆಂಡಿನ ಸಂಗೀತ ರಚನೆಕಾರ ಶೋಪಾನ್‌ನ ಒಂದು ನಾಕ್ಟರ್ನ್, ಅಂದರೆ ರಾತ್ರಿಯ ಭಾವದ ಪಿಯಾನೋ ಕೃತಿ, ನಿಮ್ಮಲ್ಲಿ ಹಲವರಿಗೆ ಗೊತ್ತು. ಶ್ರುತಿ ಇ ಫ್ಲಾಟ್ ಮೇಜರ್, ಓಪಸ್ 9 ಅನ್ನುವ ಸಂಗ್ರಹದಲ್ಲಿ ಎರಡನೆಯದು, 1832ರಲ್ಲಿ ಅಚ್ಚಾಯಿತು. ಬಲಗೈಗೆ ಹಾಡು. ಎಡಗೈಗೆ ಕೆಳಗಿನ ಒಂದು ಸ್ವರ, ಆಮೇಲೆ ಎರಡು ಕಾರ್ಡ್, ಅಂದರೆ ಕೆಲವು ಸ್ವರ ಒಟ್ಟಿಗೆ. ಮತ್ತೆ ಒಂದು, ಮತ್ತೆ ಎರಡು. ಕೊನೆಯ ತನಕ ಹೆಚ್ಚುಕಡಿಮೆ ಇದೇ ನಡೆ. ಸುಲಭ ಅನಿಸುತ್ತದೆ ಅಲ್ವಾ? ಆದರೆ ಬಲಗೈಯ ಉದ್ದ ಸ್ವರ ಕರಗುತ್ತಿರುವಾಗಲೇ ಎಡಗೈ ಹೊಸದಾಗಿ ಬಡಿಯುತ್ತಿರುತ್ತದೆ. ಎರಡೂ ಕೈಗೆ ಒಂದೇ ಭಾರ ಕೊಟ್ಟರೆ ಹಾಡು ಮುಳುಗಿಹೋಗುತ್ತದೆ.

ಇದನ್ನು ನಾನು ಕಲಿಯುತ್ತಿದ್ದಾಗ, ನಾಟಕ ಕಂಪನಿಯಲ್ಲಿ ಪೇಟಿ ಬಾರಿಸಿದ್ದ ನಮ್ಮ ಸೋದರಮಾವ ಬಾಗಿಲಲ್ಲಿ ನಿಂತು ಕೇಳಿದರು. "ತಬಲಾ ಚೊಲೋ ಐತಿ. ಹಾಡೋರೆಲ್ಲಿ ಹೋದ್ರು?" ಅಂದರು. ಅವರು ಶೋಪಾನ್ ಹೆಸರು ಕೇಳಿದವರಲ್ಲ. ಕಿವಿ ಮಾತ್ರ ಪಕ್ಕಾ.

ಅವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ, ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇನೆ. ಬಲಗೈ ತುಂಬಿ ನುಡಿಸಲಿ. ಎಡಗೈ ತನ್ನ ಜಾಗಕ್ಕೆ ಸರಿಯಾಗಿ ಹೋಗಲಿ, ಕೀಗಳನ್ನು ಮುಟ್ಟಲಿ, ಸದ್ದು ಮಾತ್ರ ಬೇಡ. ಕಷ್ಟ. ಮೊದಮೊದಲು ಬಲಗೈಯೂ ಹೆದರಿ ಮೆತ್ತಗಾಗುತ್ತದೆ. ನಾಲ್ಕು ದಿನ ಬಿಡದೆ ಮಾಡಿ. ಆಮೇಲೆ ಕೆಳಗಿನ ಸ್ವರಕ್ಕೆ ಚೂರು ಸದ್ದು ಕೊಡಿ. ಆ ಎರಡು ಕಾರ್ಡ್‌ಗಳಿಗೆ ಅದಕ್ಕಿಂತ ಕಡಿಮೆ, ಬೆರಳು ಕೀ ಬಿಟ್ಟು ಮೇಲೇಳದ ಹಾಗೆ. ಸ್ವರವನ್ನು ಹಿಡಿದಿಡುವ ಕಾಲಿನ ಪೆಡಲನ್ನು ಕಾರ್ಡ್ ಬದಲಾದಾಗಲೆಲ್ಲ ಬಿಟ್ಟು ಮತ್ತೆ ಒತ್ತಿ, ಇಲ್ಲದಿದ್ದರೆ ಎಲ್ಲಾ ಕಲಸಿಹೋಗುತ್ತದೆ. ಒಂದು ಮಾತು, ಕೆಲವು ಅಗ್ಗದ ಕೀಬೋರ್ಡ್‌ಗಳಲ್ಲಿ ಹೇಗೆ ಒತ್ತಿದರೂ ಸದ್ದು ಒಂದೇ. ಅದರಲ್ಲಿ ಇದನ್ನು ಕಲಿಯೋಕೆ ಆಗಲ್ಲ. ಕೊಳ್ಳುವಾಗ ತಂದೆತಾಯಿ ಒತ್ತಿ ನೋಡಬೇಕು.

ಬಲಗೈಗೂ ಒಂದು ಗುಟ್ಟಿದೆ. ಉದ್ದ ಸ್ವರದ ನಂತರದ ಸ್ವರವನ್ನು ಸುಮ್ನೆ ಬಡಿಯಬೇಡಿ. ಹಿಂದಿನದು ಎಲ್ಲಿಗೆ ಇಳಿದಿದೆ ಅಂತ ಕೇಳಿ, ಅಲ್ಲಿಂದ ಎತ್ತಿಕೊಳ್ಳಿ. ಗಾಯಕರ ಹಾಡು ಕೇಳಿ ಕಲಿಯಿರಿ ಅಂತ ಶೋಪಾನ್ ಶಿಷ್ಯರಿಗೆ ಹೇಳುತ್ತಿದ್ದದ್ದೂ ಇದಕ್ಕೇ.

ಭಾವ ಅಂದರೆ ಲಯ ಎಳೆದಾಡುವುದು ಅಂದುಕೊಂಡವರು ಜಾಸ್ತಿ. ಶೋಪಾನ್‌ನ ಶಿಷ್ಯರು ಬರೆದಿಟ್ಟ ಪ್ರಕಾರ ಎಡಗೈ ಲಯ ಬಿಡಬಾರದು, ಬಲಗೈ ಮಾತ್ರ ಸ್ವಲ್ಪ ಹಿಂದೆ ಮುಂದೆ ಆಡಬಹುದು. ಹಿಂದುಸ್ತಾನಿಯ ಠುಮ್ರಿ ಹಾಡು ಕೇಳುವವರಿಗೆ ಇದು ಹೊಸದೇನಲ್ಲ. ತಬಲಾದ ಠೇಕಾ ನಡೆಯುತ್ತಲೇ ಇರುತ್ತದೆ, ಹಾಡುವವರು ಒಂದು ಮಾತನ್ನು ಹಿಡಿದು ನಿಲ್ಲುತ್ತಾರೆ, ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಸೇರುತ್ತಾರೆ.

ಈಗ ಮೊದಲ ಸಾಲನ್ನು ಎರಡು ಸಲ ನುಡಿಸುತ್ತೇನೆ. ಒಮ್ಮೆ ಎಡಗೈ ಜೋರಾಗಿ, ಒಮ್ಮೆ ಮೆತ್ತಗೆ. ಬಲಗೈ ಎರಡೂ ಸಲ ಒಂದೇ ಥರ. ಉದ್ದ ಸ್ವರ ನಿಮಗೆ ಎಲ್ಲಿಯವರೆಗೆ ಕೇಳುತ್ತದೆ, ಗಮನಿಸಿ.